ಹೆಗಲ ಮೇಲಿನ ಈಟಿ

ಹೆಣದ ಬಲಹೆಗಲಿಗೆ ಮಿರ್ತೊ ಸೂಜಿ ಚುಚ್ಚುತ್ತಿದ್ದಳು. ಚುಚ್ಚಿದಲ್ಲೆಲ್ಲ ದೀಪದ ಮಸಿ ಒರೆಸುತ್ತಿದ್ದಳು. ರಕ್ತ ಬರಲಿಲ್ಲ.

"ಹುಚ್ಚು ಹಿಡೀತೇನೇ ನಿಂಗೆ?" ಪಕ್ಕದ ಮನೆಯ ಫಾನೊ ನೀರಿನ ಕೊಡ ಕುಕ್ಕಿದಳು. "ಹೆತ್ತ ತಾಯೀನ ತೊಳ್ದು ಎಣ್ಣೆ ಹಚ್ಚು ಅಂದ್ರೆ ಈಟಿ ಬರೀತಾ ಕೂತಿದೀಯ!"

"ದೊಡ್ಡೋರ ಮಕ್ಕಳಿಗೆಲ್ಲ ಬರೆದ ಕೈ ಅವ್ವಂದು, ಅತ್ತೆ. ಅವಳಿಗೊಂದು ಬೇಡ್ವಾ?"

ಥೀಬ್ಸ್‌ನಲ್ಲಿ ಹಾಗೆ ಮಾತಾಡಬಾರದು. ಹಿಂದೆ ಈ ಊರು ಕಟ್ಟಿದ ಕ್ಯಾಡ್ಮಸ್ ಸರ್ಪವನ್ನು ಕೊಂದು ಅದರ ಹಲ್ಲು ಬಿತ್ತಿದ. ಆಯುಧ ಹಿಡಿದ ಗಂಡಸರು ನೆಲದಿಂದ ಮೊಳೆತರು. ಅವರ ವಂಶದವರಿಗೆ ಹುಟ್ಟುವಾಗಲೇ ಹೆಗಲ ಮೇಲೆ ಈಟಿಯ ಮಚ್ಚೆ. ಸತ್ತಾಗ ಆ ಹೆಗಲನ್ನು ತೆರೆದಿಟ್ಟು ಊರಿನ ದೊಡ್ಡ ಬಾಗಿಲಿನಿಂದ ಒಯ್ಯುತ್ತಾರೆ. ಮಿಕ್ಕವರ ಹೆಣಕ್ಕೆ ಚರ್ಮ ಹದಮಾಡುವವರ ಓಣಿ.

*

ಚಿಕ್ಕಂದಿನಲ್ಲಿ ಮಿರ್ತೊ ದೀಪ ಹಿಡಿಯುತ್ತಿದ್ದಳು. ಬಾಣಂತಿಯ ಕೋಣೆಯ ಬಾಗಿಲು ಹಾಕಿಕೊಂಡು ಅವಳ ತಾಯಿ, ಸೂಲಗಿತ್ತಿ ಕ್ಲೆಯೊ, ಕೂಸಿನ ಹೆಗಲಿಗೆ ಸೂಜಿ ಇಡುವಳು. ಕೂಸು ಕಿರುಚುವುದು. ಹೊರಗೆ ಗಂಡಸರು, "ನೆಲದ ಮಗ! ದನಿ ಕೇಳ್ರೋ!" ಎಂದು ಬೀಗುವರು.

"ನಮ್ಮ ತಮ್ಮನಿಗೂ ಒಂದು ಹಾಕವ್ವ."

"ಸುಮ್ನಿರೇ. ಅವರು ಮಣ್ಣಿಂದ ಹುಟ್ಟಿದೋರು. ನೀವು ನನ್ನಿಂದ ಹುಟ್ಟಿದೋರು."

ಆ ತಮ್ಮ ಬೆಳೆದು ಊರಿಗಾಗಿ ಕಾದಾಡಿ ಸತ್ತ. ಅವನೂ ಓಣಿಯ ನಾತದಲ್ಲೇ ಹೋದ. ಕ್ಲೆಯೊ ತುಟಿ ಬಿಚ್ಚದೆ ಹಿಂದೆ ನಡೆದಳು. ಕೆಲವೇ ದಿನಗಳಲ್ಲಿ ಇನ್ನೊಂದು ದೊಡ್ಡಮನೆಗೆ ಸೂಜಿ ಹಿಡಿದು ಹೋದಳು. ಆ ಮೌನವನ್ನು ಮಿರ್ತೊ ಇವತ್ತಿಗೂ ಕ್ಷಮಿಸಿರಲಿಲ್ಲ.

*

ದೊಡ್ಡ ಬಾಗಿಲಲ್ಲಿ ಹಲ್ಲಿನ ವಂಶದ ಹಿರಿಯ ಕ್ರಾತೋನ್ ಚಟ್ಟಕ್ಕೆ ಅಡ್ಡ ನಿಂತ. ಬೆನ್ನಿಗೆ ಅವನ ಮನೆತನದ ಗಂಡಸರು.

"ಹೆಗಲು ಮುಚ್ಚೇ! ಸೂಲಗಿತ್ತಿ ಹೆಣಕ್ಕೆ ಕಳ್ಳ ಮಚ್ಚೆ ಬೇರೆ!"

"ಕಳ್ಳ ಮಚ್ಚೆ ಅಂತ ಹೇಗೆ ಗೊತ್ತಾಯ್ತು, ಒಡೆಯ?" ಮಿರ್ತೊ ಕೇಳಿದಳು.

"ಹುಟ್ಟು ಮಚ್ಚೆ ಹೀಗಿರತ್ತಾ? ಮಸಿ ಚುಕ್ಕೆ ಚುಕ್ಕೆ ಕಾಣ್ತಿದೆ!"

"ಹೌದಾ? ಹಾಗಾದ್ರೆ ನಿಮ್ದು ತೋರಿಸಿ. ಪಕ್ಕಪಕ್ಕ ಇಟ್ಟು ನೋಡೋಣ. ಬೇರೆ ಥರ ಇದ್ರೆ ನಾನೇ ಅವ್ವನ್ನ ಓಣಿಗೆ ಹೊತ್ಕೊಂಡು ಹೋಗ್ತೀನಿ."

ಅಳುವ ಹೆಂಗಸರ ನಡುವಿನಿಂದ ಫಾನೊಳ ದನಿ ಬಂತು: "ತೋರ್ಸಪ್ಪಾ, ನಾಚ್ಕೆ ಯಾಕೆ? ನಿನ್ನ ಹೊಕ್ಕುಳಬಳ್ಳಿ ಕೊಯ್ದೋಳೂ ಅವಳೇ ಅಲ್ವಾ!"

ಕ್ರಾತೋನ್ ಚಟ್ಟದ ಮುಂದಿನಿಂದ ಒಂದು ಹೆಜ್ಜೆ ಹಿಂದಿಟ್ಟ. ಅವನ ಬೆನ್ನಿಗಿದ್ದವರು ಒಬ್ಬೊಬ್ಬರಾಗಿ ಗೋಡೆಗೆ ಸರಿದರು.

"ಎತ್ರೋ," ಎಂದಳು ಮಿರ್ತೊ.

ಚಟ್ಟ ಬಾಗಿಲು ದಾಟಿತು. ಕ್ಲೆಯೊಳ ಬರಿ ಹೆಗಲ ಮೇಲೆ ನೊಣವೊಂದು ಈಟಿಯ ಹಿಡಿಯಿಂದ ಮೊನೆಗೆ ನಡೆಯುತ್ತಿತ್ತು. ಆ ಸುಡುಬಿಸಿಲಿನಲ್ಲಿ ಕ್ರಾತೋನ್ ತನ್ನ ಹೊದಿಕೆಯನ್ನು ಕುತ್ತಿಗೆಯವರೆಗೂ ಎಳೆದು, ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದ.