ತಮ್ಮನ ಕಾರ್ಡು

ಏಳು ಮಕ್ಕಳ ಮನೆಯಲ್ಲಿ ಹಿರಿಯವಳಾಗಿ ಹುಟ್ಟಿದವಳಿಗೆ ಹೆಸರು ಯಾಕೆ ಬೇಕು ಹೇಳಿ. ಶಾಲೆಯಲ್ಲಿ ಹಾಜರಿ ಕೂಗುವಾಗ ಅವಳ ಹೆಸರು ದಿನಕ್ಕೊಮ್ಮೆ ಕೇಳಿಸುತ್ತಿತ್ತು, ಅಷ್ಟೇ. ಮನೆಯಲ್ಲಿ ಚಿಕ್ಕವರು ಅಕ್ಕ ಅನ್ನುತ್ತಿದ್ದರು. ಅವರ ಬಾಯಲ್ಲಿ ಕೇಳಿ ಕೇಳಿ ಅಮ್ಮನೂ ಅಕ್ಕ ಅನ್ನುತ್ತಿದ್ದಳು. ನಿದ್ದೆಗಣ್ಣಿನಲ್ಲಿ ಅಪ್ಪನೂ, “ಅಕ್ಕಾ, ಆ ಪಿಳ್ಳೆಗಳ ಬಾಯಿ ಮುಚ್ಚಿಸು” ಎಂದು ಗುಡುಗುತ್ತಿದ್ದ. ಹದಿನೈದು ತುಂಬುವಷ್ಟರಲ್ಲಿ ಅವಳು ಹೆತ್ತವರಿಗೂ ಅಕ್ಕನಾಗಿಬಿಟ್ಟಿದ್ದಳು.

ಅಪ್ಪನಿಗೆ ಬ್ರೆಡ್ ಬೇಕರಿಯಲ್ಲಿ ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ರೆಪ್ಪೆಯ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ಒಳಕೋಣೆಯಲ್ಲಿ ಬೀಳುತ್ತಿದ್ದ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಲು ಹೊರಡುತ್ತಿದ್ದಳು. ಮನೆಯಲ್ಲಿ ಇದ್ದದ್ದೇ ಎರಡು ಕೋಣೆ, ನಡುವೆ ಬಾಗಿಲಿನ ಬದಲು ಒಂದು ಪರದೆ. ಶಾಲೆ ಬಿಟ್ಟ ಮೇಲೆ ಅಪ್ಪ ಏಳುವ ತನಕ ಐದು ಚಿಲ್ಟಾರಿಗಳನ್ನು ಕಮಕ್ ಕಿಮಕ್ ಎನ್ನದಂತೆ ಕೂರಿಸುವ ಕೆಲಸ ಅಕ್ಕನ ಪಾಲಿಗೆ. ಹೊಡೆದರೆ ಅಳುತ್ತವೆ, ಅತ್ತರೆ ಅಪ್ಪ ಏಳುತ್ತಾನೆ, ಅಪ್ಪ ಎದ್ದರೆ ಆಮೇಲೆ ಎಲ್ಲರೂ ಅಳಬೇಕಾಗುತ್ತದೆ.

ಕೊನೆಗೆ ಅವಳ ಕೈ ಹಿಡಿದದ್ದು ಬೀದಿಯ ತುದಿಯಲ್ಲಿದ್ದ ಸಾರ್ವಜನಿಕ ಗ್ರಂಥಾಲಯ. ಅಲ್ಲಿಂದ ತಂದ ಚಿತ್ರದ ಪುಸ್ತಕ ಬಿಡಿಸಿ ಪಿಸುಮಾತಿನಲ್ಲಿ ಓದಿದರೆ ಐದೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದವು. ಪಿಸುಮಾತಿನಲ್ಲಿ ಹುಲಿ ಹೇಗೆ ಗರ್ಜಿಸುತ್ತದೆ ಎಂಬುದು ಆ ಊರಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಗ್ರಂಥಾಲಯದ ಕಾನೂನು ಮಾತ್ರ ಸಣ್ಣ ಸಂಸಾರದವರು ಕೂತು ಬರೆದದ್ದು. ಹತ್ತು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಕಾರ್ಡು, ಒಂದು ಕಾರ್ಡಿಗೆ ನಾಲ್ಕು ಪುಸ್ತಕ. ದೊಡ್ಡವರ ಕಾರ್ಡಿಗೆ ಮಕ್ಕಳ ಪುಸ್ತಕ ಕೊಡುತ್ತಿರಲಿಲ್ಲ. ಅಂದಮೇಲೆ ಈ ಮನೆಯಲ್ಲಿ ಕಾರ್ಡಿಗೆ ಲಾಯಕ್ಕಾದವರು ಇಬ್ಬರೇ: ಅಕ್ಕ, ಮತ್ತು ಅವಳಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ. ಈ ತಮ್ಮನಿಗೆ ಮನೆಯಲ್ಲಿ ಸಾಹೇಬ ಎಂದೇ ಹೆಸರು. ಉಂಡ ತಟ್ಟೆ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕನ ಕಾರ್ಡಿನ ನಾಲ್ಕು ಪುಸ್ತಕವೂ ಐದು ಚಿಕ್ಕವರಿಗೆ ಹೋಗುತ್ತಿತ್ತು, ಅದರಲ್ಲೂ ಒಂದು ಕಡಿಮೆ ಬಿದ್ದು ದಿನಾ ಕಿತ್ತಾಟ. ತಾನು ಓದಬೇಕೆಂದರೆ ಅವಳಿಗೆ ಉಳಿದದ್ದು ಸಾಹೇಬನ ಕಾರ್ಡೊಂದೇ. ಅವನ ಶೂ ಪಾಲಿಶ್ ಮಾಡಿಕೊಡುವ ಕರಾರಿನ ಮೇಲೆ ಅದನ್ನು ಪಡೆದಳು.

ಮೊದಲ ಸಲ ಅವಳು ದಪ್ಪನೆಯ ಕಾದಂಬರಿಯನ್ನು ಕೌಂಟರಿನ ಮೇಲಿಟ್ಟಾಗ ಗ್ರಂಥಾಲಯದ ಮೇಡಂ ಕನ್ನಡಕ ಮೇಲೇರಿಸಿ ಕೇಳಿದ್ದರು.

“ಇದು ಯಾರಿಗಮ್ಮ?”

ಇನ್ನೊಬ್ಬರ ಕಾರ್ಡಿನಲ್ಲಿ ತಾನು ಓದಿದರೆ ತಪ್ಪೇನೋ ಎಂದು ಹೆದರಿ ಅವಳು, “ತಮ್ಮನಿಗೆ ಮೇಡಂ” ಅಂದಳು. ಆ ಹೆದರಿಕೆಯೇ ಅವಳ ಕೊರಳಿಗೆ ಉರುಳಾಯಿತು. ಆಮೇಲೆ ಮೇಡಂ ಕೇಳುವುದನ್ನೇ ಬಿಟ್ಟು, ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಹೊಡೆದು, “ಪಾಪ, ಓದೋ ಹುಡುಗ, ಬರೋಕೆ ಪುರುಸೊತ್ತಿಲ್ಲ ಅನ್ಸುತ್ತೆ” ಎಂದು ತಾವೇ ಮೆಚ್ಚಿಕೊಳ್ಳುತ್ತಿದ್ದರು. ಓದುವ ಹುಡುಗ ಆ ಹೊತ್ತಿನಲ್ಲಿ ಗ್ಯಾರೇಜಿನ ಹಿಂದೆ ಗೆಳೆಯರ ಜೊತೆ ಚೆಂಡು ಒದೆಯುತ್ತಿದ್ದ.

ಹೀಗೆ ನಾಲ್ಕು ವರ್ಷ ನಡೆಯಿತು. ಆಮೇಲೆ ಒಂದು ದಿನ ಬೋರ್ಡಿನ ಮೇಲೆ ಹೊಸ ಸೂಚನೆ ಬಿತ್ತು. ಮಹಡಿಯ ಮೇಲೆ ಗಾಜಿನ ಬಾಗಿಲಿನ ಓದುವ ಕೋಣೆ ತಯಾರಾಗಿದೆ. ಚೆನ್ನಾಗಿ ಓದುವ ಕೆಲವು ಮಕ್ಕಳಿಗೆ ಒಂದು ವರ್ಷ ಅಲ್ಲಿ ಸ್ವಂತ ಮೇಜು, ದೀಪ, ಬೀಗ ಹಾಕುವ ಡ್ರಾಯರ್.

ಅಕ್ಕ ಮೆಟ್ಟಿಲು ಹತ್ತಿ ಗಾಜಿಗೆ ಮೂಗು ಒತ್ತಿ ನೋಡಿದಳು. ಮೇಜುಗಳು ಖಾಲಿ ಇದ್ದವು. ಒಳಗೆ ಯಾರೂ ಅಳುತ್ತಿರಲಿಲ್ಲ, ಯಾರಿಗೂ ಮೂಗು ಒರೆಸಬೇಕಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಒಬ್ಬಳೇ ಒಂದು ಬಾಗಿಲ ಹಿಂದೆ ಕೂತದ್ದೆಂದರೆ ಬಚ್ಚಲಲ್ಲಿ, ಅಲ್ಲೂ ಹೊರಗಿನಿಂದ ಯಾರಾದರೂ ಬಡಿಯುತ್ತಲೇ ಇರುತ್ತಿದ್ದರು. ಅವಳಿಗೆ ಆ ಮೇಜು ಬೇಕು ಅನ್ನಿಸಿತು. ಇಷ್ಟು ಜೋರಾಗಿ ಯಾವುದನ್ನೂ ಅವಳು ಬಯಸಿರಲಿಲ್ಲ.

ಕೆಳಗಿಳಿದು ಬಂದು ಕೇಳಿದಳು. ಮೇಡಂ ಕಂಪ್ಯೂಟರ್ ನೋಡಿದರು, ನಗು ತಡೆದುಕೊಂಡರು.

“ನಿನ್ನ ಕಾರ್ಡಲ್ಲಿ ಏನಿದೆ ನೋಡು. ಮೊಲ, ಬೆಕ್ಕು, ಆನೆ, ಮತ್ತೆ ಮೊಲ. ಹದಿನೈದು ವರ್ಷದ ಹುಡುಗಿ ಇನ್ನೂ ಅಲ್ಲೇ ಇದ್ದೀಯಲ್ಲಮ್ಮ. ನಿನ್ನ ತಮ್ಮನ್ನ ಕಳ್ಸು, ಅವನಿಗೆ ಮೊದಲನೇ ಮೇಜು.”

“ಮೇಡಂ, ಅದೆಲ್ಲ ಓದಿದ್ದು ನಾನು. ಅವನ ಕಾರ್ಡಲ್ಲಿ ನಾನೇ ತಗೊಂಡು ಹೋಗ್ತಿದ್ದೆ.”

ಮೇಡಂ ಮುಖ ಗಂಟಿಕ್ಕಿದರು.

“ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಹಾಗೊಂದು ವೇಳೆ ನೀನು ಹೇಳೋದು ನಿಜ ಆಗಿದ್ರೆ ಇಬ್ಬರ ಕಾರ್ಡೂ ರದ್ದು ಮಾಡ್ಬೇಕಾಗುತ್ತೆ. ಮಾಡ್ಲಾ?”

ಕಾರ್ಡು ರದ್ದಾದರೆ ಮನೆಯಲ್ಲಿ ಐದು ಗಂಟಲು ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಆದರೆ ಅವಳಿಗೆ ಇನ್ನೂ ಒಂದು ಆಸೆಯಿತ್ತು. ಅಮ್ಮ ಬಂದು ಒಂದು ಮಾತು ಹೇಳಿದರೆ ಮೇಡಂ ನಂಬಬಹುದು. ಚಿಕ್ಕದನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ಸಾರು ಕದಡುತ್ತಾ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುವವಳನ್ನು ಅಮ್ಮ ಎಷ್ಟು ಸಲ ಬೈದಿಲ್ಲ? ಬೈದವಳಿಗಿಂತ ದೊಡ್ಡ ಸಾಕ್ಷಿ ಯಾರಿದ್ದಾರೆ?

ರಜೆಯ ದಿನ ಅಮ್ಮ ಬಂದಳು. ಇಸ್ತ್ರಿಯ ಹಬೆಗೆ ಸುಲಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೌಂಟರಿನ ಮುಂದೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದು ನಿಂತು ಕೈಮುಗಿದರು.

“ಇಂಥಾ ಮಗನ್ನ ಹೆತ್ತಿದ್ದೀರಲ್ಲ, ನಿಮಗೆ ಕೈ ಮುಗೀಬೇಕು. ಈ ಲೈಬ್ರರಿಯಲ್ಲಿ ಇಷ್ಟು ಓದಿರೋ ಹುಡುಗ ಇನ್ನೊಬ್ಬ ಇಲ್ಲ.”

ಅಮ್ಮನ ಮಕ್ಕಳ ಬಗ್ಗೆ ಅದುವರೆಗೆ ಜನ ಆಡಿದ್ದು ಒಂದೇ ಮಾತು: ‘ಏಳಾ? ಅಯ್ಯೋ!’ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆ ಕೇಳಲು ಹೋದಲ್ಲಿ, ಎಲ್ಲ ಕಡೆ ಅದೇ. ಕುರ್ಚಿಯಿಂದ ಎದ್ದು ನಿಂತು ಅವಳ ಜೊತೆ ಯಾರೂ ಮಾತಾಡಿರಲಿಲ್ಲ. ಅವಳ ಮುಖ ಅರಳಿದ್ದನ್ನು ಅಕ್ಕ ಪಕ್ಕದಿಂದ ನೋಡಿದಳು. ಅಮ್ಮ ಒಂದು ಸಲ ಮಗಳ ಕಡೆ ತಿರುಗಿದಳು, ಕಣ್ಣು ತಪ್ಪಿಸಿದಳು.

“ಹೌದು ಮೇಡಂ, ಅವನು ಚಿಕ್ಕಂದಿನಿಂದ್ಲೂ ಹಾಗೇ.”

ಅಕ್ಕನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ಇಬ್ಬರೂ ಹೊರಗೆ ಬೀದಿಗಿಳಿದರು. ಆಮೇಲೆ ಅಮ್ಮನೇ ಶುರುಮಾಡಿದಳು.

“ನೀನು ಹೋಗಿ ಮೇಲೆ ಕೂತ್ರೆ ಮನೇಲಿ ಅವುಗಳನ್ನ ಯಾರು ನೋಡ್ಕೋತಾರೆ? ನಾನು ಕೆಲಸ ಬಿಡ್ಲಾ?”

“ಓದಿದ್ದು ನಾನಲ್ವಾ ಅಮ್ಮ?”

“ಯಾರು ಓದಿದ್ರೆ ಏನು, ಹೆಸರು ಬರೋದು ನಮ್ಮ ಮನೆಗೇ ತಾನೇ? ಅವನಾದ್ರೂ ಒಂದು ಕಡೆ ಕೂತು ಸುಧಾರಿಸ್ಲಿ. ನಿನಗೆ ಬುದ್ಧಿ ಇದೆ, ಹೇಗೋ ಬದುಕ್ಕೋತೀಯ.”

ಬುದ್ಧಿ ಇದೆ ಎಂಬ ಕಾರಣಕ್ಕೆ ಏನೂ ಕೊಡದಿರುವ ಈ ನ್ಯಾಯ ದೊಡ್ಡ ಸಂಸಾರಗಳಲ್ಲಿ ಬಹಳ ಚಲಾವಣೆಯಲ್ಲಿದೆ. ಅಮ್ಮ ಕೆಟ್ಟವಳಲ್ಲ. ದಣಿದವಳು. ಮನೆ ತಲುಪುವಷ್ಟರಲ್ಲಿ ಓದಿದ್ದು ಮಗನೇ ಎಂಬುದನ್ನು ಅವಳು ತಾನೇ ನಂಬಿಬಿಟ್ಟಿದ್ದಳು. ಬಾಗಿಲಲ್ಲೇ ನಿಂತು, “ನಮ್ಮ ಸಾಹೇಬ ಲೈಬ್ರರಿಗೇ ಫಸ್ಟು ಕಣ್ರೋ” ಎಂದು ಸಾರಿದಳು. ಸಾಹೇಬ ಮೊದಲು ಗಾಬರಿಯಾದ, ಆಮೇಲೆ ಎದೆ ಸೆಟೆಸಿದ.

ಒಂದೇ ತೊಡಕು ಉಳಿದಿತ್ತು. ಮೇಜು ಕೊಡುವ ಮೊದಲು ಮೇಡಂ ಒಂದು ಪುಸ್ತಕದ ಬಗ್ಗೆ ಮಾತಾಡಿಸುತ್ತಾರಂತೆ. ಯಾವ ಪುಸ್ತಕ ಎಂಬುದನ್ನು ಅಮ್ಮ ನೆನಪಿಟ್ಟುಕೊಂಡು ಬಂದಿದ್ದಳು: ಇಬ್ಬರು ಅಣ್ಣತಮ್ಮಂದಿರ ಕಾದಂಬರಿ.

“ಅವನಿಗೆ ಕತೆ ಹೇಳಿಕೊಡು ಅಕ್ಕ,” ಎಂದಳು ಅಮ್ಮ.

ಅಕ್ಕ ಅವನ ಶೂ ಉಜ್ಜುತ್ತಾ ಹೇಳಿದಳು. ಅಪ್ಪ ಸತ್ತ ಮೇಲೆ ಇಬ್ಬರಿಗೂ ಜಗಳವಾಗುತ್ತದೆ. ತಮ್ಮ ಹಡಗು ಹತ್ತಿ ಹೋಗುತ್ತಾನೆ. ಗಡಿಯಾರ ರಿಪೇರಿಯ ಅಣ್ಣ ಅಂಗಡಿ ಮುಚ್ಚಿ ಅವನನ್ನು ಊರೂರು ಹುಡುಕುತ್ತಾನೆ. ಕೊನೆಯಲ್ಲಿ ಅಣ್ಣ ಮುದುಕನಾಗಿ ತಮ್ಮನ ಮನೆ ಬಾಗಿಲು ತಟ್ಟುತ್ತಾನೆ. ಇಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿದ್ದಂತೆಯೇ ಹೇಳಿದಳು. ಪುಸ್ತಕದಲ್ಲಿ ಆಮೇಲೆ ತಮ್ಮ ಗುರುತು ಹಿಡಿದೂ, “ನನಗೆ ಅಣ್ಣ ಇಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಆ ಪುಟ ಓದಿದ ದಿನ ಅಕ್ಕ ಒಲೆಯ ಮೇಲಿದ್ದದ್ದನ್ನು ಸೀಯಿಸಿದ್ದಳು, ಬೈಸಿಕೊಂಡಿದ್ದಳು, ಬೈಗುಳಕ್ಕೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿಯಲಿ ಎಂದು ಹೊಟ್ಟೆತುಂಬ ಅತ್ತಿದ್ದಳು.

“ಕೊನೆಗೆ ಏನಾಗುತ್ತೆ?” ಎಂದ ಸಾಹೇಬ, ಆಕಳಿಸುತ್ತಾ.

ಅಕ್ಕನ ಕೈ ನಿಂತಿತು.

“ಕೊನೆಗಾ? ತಮ್ಮ ಓಡಿ ಬಂದು ಅಣ್ಣನ್ನ ತಬ್ಕೋತಾನೆ. ಇಬ್ರೂ ಒಟ್ಟಿಗೆ ಕೂತು ಊಟ ಮಾಡ್ತಾರೆ. ಮುಗೀತು.”

ಹೇಳಿ ಶೂ ಮತ್ತೆ ಉಜ್ಜಿದಳು, ತನ್ನ ಮುಖ ಕಾಣುವಷ್ಟು. ಮನಸ್ಸಿನಲ್ಲಿ ಒಂದು ಕೆಟ್ಟ ಸಂತೋಷ ಕುಣಿಯುತ್ತಿತ್ತು. ನಾಳೆ ಇವನು ಇದನ್ನೇ ಒಪ್ಪಿಸುತ್ತಾನೆ. ಮೇಡಂ ಹುಬ್ಬು ಗಂಟಿಕ್ಕುತ್ತಾರೆ. ಬಂಡವಾಳ ಬಯಲಾಗುತ್ತದೆ. ಕಾರ್ಡು ಹೋದರೆ ಹೋಗಲಿ.

ಮರುದಿನ ಸಾಹೇಬ ಮೇಡಂ ಎದುರು ಕೂತ. ಅಮ್ಮ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಅಕ್ಕ ಚಿತ್ರದ ಪುಸ್ತಕಗಳ ಕಪಾಟಿನ ಹಿಂದೆ, ಚೀಲ ಹಿಡಿದು, ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಸಾಹೇಬ ಗಿಣಿಪಾಠ ಒಪ್ಪಿಸಿದ. ಹಡಗು ಬಂತು, ಗಡಿಯಾರ ಬಂತು, ಬಾಗಿಲು ಬಂತು.

“ಕೊನೆಗೆ ತಮ್ಮ ಓಡಿ ಬಂದು ಅಣ್ಣನ್ನ ತಬ್ಕೋತಾನೆ ಮೇಡಂ. ಇಬ್ರೂ ಒಟ್ಟಿಗೆ ಕೂತು ಊಟ ಮಾಡ್ತಾರೆ.”

ಅಕ್ಕ ಕಪಾಟಿನ ಸಂದಿಯಿಂದ ಇಣುಕಿದಳು. ಮೇಡಂ ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

“ಎಷ್ಟು ಚೆನ್ನಾಗಿ ಹೇಳ್ದೆಯಪ್ಪ. ಅವರಿಬ್ರೂ ಊಟಕ್ಕೆ ಕೂರೋದು ಓದಿದಾಗ ನನಗೂ ಕಣ್ಣಲ್ಲಿ ನೀರು ಬಂದಿತ್ತು.”

ಕಪಾಟಿನ ಹಿಂದೆ ಅಕ್ಕನಿಗೆ ನಗು ಬಂತು. ಅವಳ ಸೇಡೂ ಅವನ ಕಾರ್ಡಿಗೇ ಜಮೆಯಾಗಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಪುಸ್ತಕ ಓದಿದ್ದವಳು ಅವಳೊಬ್ಬಳೇ, ಮತ್ತು ಅದನ್ನು ಹೇಳಲು ಅವಳಿಗೆ ಯಾರೂ ಇರಲಿಲ್ಲ.

ಸಾಹೇಬನಿಗೆ ಬೀಗದ ಕೈ ಸಿಕ್ಕಿತು. ಅವನ ಜೊತೆ ಕಾರ್ಡೂ ಮಹಡಿ ಹತ್ತಿತು: ಮೇಜು ಪಡೆದವರು ಇನ್ನು ಮುಂದೆ ತಾವೇ ಬಂದು ಪುಸ್ತಕ ತೆಗೆದುಕೊಳ್ಳಬೇಕಂತೆ. ಅಕ್ಕ ಇದನ್ನು ಯೋಚಿಸಿಯೇ ಇರಲಿಲ್ಲ. ಮೇಜಂತೂ ಎಂದೂ ಅವಳದಾಗಿರಲಿಲ್ಲ. ಪುಸ್ತಕ ಇತ್ತು, ಈಗ ಅದೂ ಹೋಯಿತು. ನಾಲ್ಕು ಚಿತ್ರದ ಪುಸ್ತಕಗಳನ್ನು ಕೌಂಟರಿಗೆ ತಂದಾಗ ಮೇಡಂ ತಲೆಯಾಡಿಸಿದರು.

“ಮತ್ತೆ ಮೊಲಾನಾ? ತಮ್ಮನ್ನ ನೋಡಿಯಾದ್ರೂ ಕಲಿಯಮ್ಮ.”

ಹೊರಡುವ ಮೊದಲು ಅವಳು ಮೆಟ್ಟಿಲ ಮೇಲಿಂದ ಗಾಜಿನೊಳಗೆ ಇಣುಕಿದಳು. ಸಾಹೇಬ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಅವಳು ಹೊಳಪು ಕೊಟ್ಟ ಶೂ ಮೇಜಿನ ಕೆಳಗೆ ಮಿಂಚುತ್ತಿತ್ತು.

ಮನೆಯಲ್ಲಿ ಪರದೆಯಾಚೆ ಅಪ್ಪನ ಗೊರಕೆ. ಐದೂ ಅವಳ ಸುತ್ತ ಮುತ್ತಿದವು. ಅಕ್ಕ ಮೊಲದ ಪುಸ್ತಕ ಬಿಡಿಸಿ ಪಿಸುಗುಟ್ಟಿದಳು. ದಾರಿ ತಪ್ಪಿದ ಮೊಲ ಕಾಡೆಲ್ಲ ಅಲೆಯಿತು, ಸಂಜೆಗೆ ಹೇಗೋ ಬಿಲ ಹುಡುಕಿಕೊಂಡು ಬಂತು. ಕೊನೆಯ ಪುಟಕ್ಕೆ ಬಂದಾಗ ಅವಳಿಗೆ ಇಡೀ ದಿನದ ಸಿಟ್ಟು ನೆತ್ತಿಗೇರಿತು.

“ಮನೆಗೆ ಬಂದ್ರೆ ಬಾಗಿಲು ಹಾಕಿತ್ತು. ಒಳಗಿಂದ ಅಮ್ಮ, ನೀನು ಯಾರೋ ನಮಗೆ ಗೊತ್ತಿಲ್ಲ ಅಂದಳು. ಮುಗೀತು.”

ನಾಲ್ಕು ಮಕ್ಕಳು ತೆಪ್ಪಗೆ ಕೇಳಿಸಿಕೊಂಡರು. ಐದನೆಯದು, ಇನ್ನೂ ಒಂದಕ್ಷರ ಕಲಿಯದ ಕೊನೆಯ ಹುಡುಗಿ, ಮುಂದೆ ಬಗ್ಗಿ ಚಿತ್ರದ ಮೇಲೆ ಬೆರಳಿಟ್ಟಳು.

“ಇಲ್ಲ ಅಕ್ಕ. ನೋಡು, ಇಲ್ಲಿ ಬಾಗಿಲು ತೆಗೆದಿದೆ. ನೀನು ಸುಳ್ಳು ಹೇಳ್ತಿದ್ದೀಯ.”

ಅಕ್ಕ ಆ ಪುಟ್ಟ ಬೆರಳನ್ನೇ ನೋಡಿದಳು. ಅವಳ ಸುಳ್ಳನ್ನು ಹಿಡಿಯಲು ಇಷ್ಟು ದಿನಕ್ಕೆ ಒಬ್ಬಳು ಸಿಕ್ಕಿದ್ದಳು. ಇದಕ್ಕೆ ಹತ್ತು ತುಂಬಿದ ದಿನ ಇದಕ್ಕೂ ಒಂದು ಕಾರ್ಡು ಬರುತ್ತದೆ, ಅದರ ಮೇಲೆ ಯಾರ ಪುಸ್ತಕ ಹೋಗುತ್ತದೋ ಎಂದುಕೊಂಡಳು. ಆಗ ಅವಳಿಗೆ ಅಳು ಒತ್ತರಿಸಿ ಬಂತು. ಅಪ್ಪ ಮಲಗಿದ್ದ, ಅದಕ್ಕೇ ಸದ್ದು ಮಾಡದೆ ಅತ್ತಳು.