ಅಂಟು ಹಚ್ಚಿದ ಕೊಂಬೆ

ಊರಿನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತ, ಮೂತ್ರ, ಮಲ, ಕಫ ಪರೀಕ್ಷೆ ಮಾಡುತ್ತಿದ್ದ ಅವಳಿಗೆ ಹೇಸಿಗೆ ಅನ್ನುವುದೇ ಗೊತ್ತಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ಡಬ್ಬಿಯ ಮುಚ್ಚಳ ತೆಗೆದು, ಕಡ್ಡಿಯಲ್ಲಿ ತುಸು ಎತ್ತಿ, ಗಾಜಿನ ಮೇಲೆ ಸವರಿ ನೋಡಿ, ಕೈ ತೊಳೆದುಕೊಂಡು ಬಂದು ನಿಶ್ಚಿಂತೆಯಿಂದ ಊಟಕ್ಕೆ ಕೂರುವವಳು. ಅವಳ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಇದೊಂದು ಮುಗಿಯದ ತಮಾಷೆ. ನೆಂಟರು ಬಂದಾಗ ಅವಳು ನೀರು ತಂದುಕೊಟ್ಟರೆ, ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು.

ಭಾನುವಾರ ಮಾತ್ರ ಅವಳು ಯಾರ ಮಾತಿಗೂ ಸಿಗುತ್ತಿರಲಿಲ್ಲ. ಬಾಗಿಲು ಹಾಕಿಹೋದ ಸ್ಟುಡಿಯೋದವರಿಂದ ಕೊಂಡ ಹಳೆಯ ಡಿಜಿಟಲ್ ಕ್ಯಾಮೆರಾ ಹೆಗಲಿಗೇರಿಸಿ ಊರು ಸುತ್ತುವಳು. ಕ್ಷೌರದಂಗಡಿಯ ಕನ್ನಡಿಯಲ್ಲಿ ಅರ್ಧ ಗಡ್ಡ ಉಳಿದ ಮುಖ, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಬೂಟಿನೊಳಗಿನ ಕಲ್ಲು ಕೊಡವುವ ಕಂಡಕ್ಟರ್, ಅಂಗಡಿಯೆದುರು ಒಬ್ಬರ ಚೀಲ ಇನ್ನೊಬ್ಬರು ಹಿಡಿದು ನಿಂತ ಹೆಂಗಸರು. ಇವೇ ಅವಳ ಚಿತ್ರಗಳು. 'ಇದನ್ನ ದಿನಾ ನೋಡ್ತೀವಲ್ಲ, ಫೋಟೋ ಯಾಕೆ?' ಎಂದು ಭಾವ ಮೂಗು ಮುರಿಯುತ್ತಿದ್ದ. ನಲ್ಲಿ, ಪೈಪುಗಳ ಅಂಗಡಿ ಇಟ್ಟು ಚೆನ್ನಾಗಿ ಬೆಳೆದಿದ್ದ ಅವನು ಮೊಳಕೈಯುದ್ದದ ಲೆನ್ಸು ಕೊಂಡು ಊರಿನ ಫೋಟೋ ಸಂಘದ ಅಧ್ಯಕ್ಷನೂ ಆಗಿದ್ದ. ಅಕ್ಕನ ಒತ್ತಾಯಕ್ಕೆ ಅವಳೂ ಆ ಸಂಘ ಸೇರಿದ್ದಳು. ಅಲ್ಲಿ ಅವಳಿಗೆ 'ಸ್ಯಾಂಪಲ್ ಮೇಡಂ' ಎಂದೇ ಹೆಸರು.

ಆ ಭಾನುವಾರ ಸಂಘದ ಏಳು ಜನ ವ್ಯಾನಿನಲ್ಲಿ ಕೆರೆಯ ಕಡೆಗೆ ಹೊರಟರು. ದಾರಿಯುದ್ದಕ್ಕೂ ಭಾವನ ಜಂಬವೇ ಜಂಬ. ಹಿಂದಿನ ದಿನವೇ ಒಬ್ಬನೇ ಬಂದು ಪಿಕಳಾರ ಹಕ್ಕಿಯ ಗೂಡೊಂದನ್ನು ಪತ್ತೆ ಹಚ್ಚಿದ್ದನಂತೆ. ಇಂದು ಎಲ್ಲರಿಗೂ ಜನ್ಮದಲ್ಲಿ ಸಿಗದ ಫೋಟೋ ಸಿಗುತ್ತದಂತೆ.

ಗೂಡು ಎದೆಯೆತ್ತರದ ಪೊದೆಯೊಳಗಿತ್ತು. ಒಳಗೆ ಮೂರು ಮರಿಗಳು, ಅರ್ಧಂಬರ್ಧ ಪುಕ್ಕ ಬಂದವು, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಎಲೆಯ ನೆರಳಿನಲ್ಲಿ ಲೆನ್ಸಿಗೆ ಏನೂ ಕಾಣುತ್ತಿರಲಿಲ್ಲ. ಭಾವ ಚೀಲದಿಂದ ಗಿಡ ಕತ್ತರಿಸುವ ಕತ್ತರಿ ತೆಗೆದ. ಕಚಕಚ ಎಂದು ಪೊದೆಯ ಒಂದು ಮಗ್ಗುಲನ್ನೇ ಬೋಳಿಸಿದ. ಅಷ್ಟಾದರೂ ಅವನಿಗೆ ಹಿಡಿಸಲಿಲ್ಲ. ಗೂಡು ಕಸದ ಹಾಗೆ ಕಾಣುತ್ತದೆ, ಮರಿಗಳು ಸಾಲಾಗಿ ಬಯಲಲ್ಲಿ ಕೂತರೆ ಚೆಂದ ಎಂದು ಒಂದೊಂದನ್ನೇ ಎತ್ತಿ ಪಕ್ಕದ ಒಣಕೊಂಬೆಯ ಮೇಲಿಟ್ಟ. ಅವು ಇನ್ನೂ ಕೂರಲು ಕಲಿತವಲ್ಲ, ಉರುಳಿ ಬಿದ್ದವು. ಮತ್ತೆ ಇಟ್ಟ, ಮತ್ತೆ ಬಿದ್ದವು. ಯಾರೋ ಕಿಸಕ್ಕನೆ ನಕ್ಕರು. ಆಗ ಅವನು ಜೇಬಿನಿಂದ ಒಂದು ಟ್ಯೂಬು ತೆಗೆದ. ಅವನದೇ ಅಂಗಡಿಯ, ಪೈಪು ಅಂಟಿಸುವ ಗಮ್ಮು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದವಳು ಹಿಡಿದ ಹಾಗೆಯೇ ಒತ್ತಿದಳು. ಕೊಂಬೆಗೆ ಹಚ್ಚಿದ ಅಂಟು, ಕಡ್ಡಿಯಂಥ ಕಾಲು, ಅದನ್ನು ಅದುಮಿ ಹಿಡಿದ ಹೆಬ್ಬೆರಳು, ಹಿಂದೆ ಮಂಡಿಯೂರಿ ಕಾಯುತ್ತಿದ್ದ ಐವರು. ಆಮೇಲೆ ಕ್ಯಾಮೆರಾ ಇಳಿಸಿ ಮುಂದೆ ಹೋದಳು.

"ಭಾವ, ಬೇಡ. ಬಿಸಿಲಿಗೆ ಸತ್ತುಹೋಗ್ತವೆ."

"ಹತ್ತೇ ನಿಮಿಷ. ಆಮೇಲೆ ವಾಪಸ್ ಇಟ್ಬಿಡ್ತೀವಿ. ನೀನು ಪಕ್ಕಕ್ಕೆ ಬಾ, ತಾಯಿ ಹೆದರ್ಕೊಳತ್ತೆ."

ಅವಳು ಪಕ್ಕಕ್ಕೆ ಬಂದಳು. ಆಮೇಲೆ ಎಷ್ಟೋ ಸಲ ನೆನೆದು ನೆನೆದು ಅವಳು ತನಗೆ ತಾನೇ ಹೇಸಿಕೊಂಡದ್ದು ಇದಕ್ಕೇ. ಬಾಯಿ ಮಾಡಬಹುದಿತ್ತು, ಕೊಂಬೆಗೆ ಅಡ್ಡ ನಿಲ್ಲಬಹುದಿತ್ತು. ಏನೂ ಮಾಡದೆ ಸರಿದು ನಿಂತಳು.

ತಾಯಿಹಕ್ಕಿ ಬಂತು. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಬೋಳು ಗೂಡಿನ ಸುತ್ತ ಎರಡು ಸುತ್ತು ಹಾರಿ, ಕೊಂಬೆಯ ತುದಿಗೆ ಇಳಿಯಿತು. ಮೂರೂ ಮರಿಗಳು ಕತ್ತು ಚಾಚಿ ಬಾಯಿ ತೆರೆದವು. ಬಿಸಿಲು ಆ ಬಾಯಿಗಳ ಒಳಗೆ ಬಿದ್ದು ದೀಪ ಹೊತ್ತಿಸಿದ ಹಾಗೆ ಕೆಂಪಗೆ ಹೊಳೆಯಿತು. ಏಳು ಕ್ಯಾಮೆರಾಗಳೂ ಒಟ್ಟಿಗೆ ಸದ್ದು ಮಾಡಿದವು. ಏಳು. ಅವಳದೂ ಸೇರಿ.

ಹತ್ತು ನಿಮಿಷ ಹೋಗಿ ಮುಕ್ಕಾಲು ಗಂಟೆಯಾಯಿತು. ಸಂಘದ ಕಾರ್ಯದರ್ಶಿ ಡ್ರಾಯಿಂಗ್ ಮೇಷ್ಟ್ರಿಗೆ ಹಸಿವಾಯಿತು. ಅವರು ಎದ್ದದ್ದೇ ತಡ, ಎಲ್ಲರೂ ಮಂಡಿಯ ಮಣ್ಣು ಕೊಡವಿಕೊಂಡು ವ್ಯಾನಿನತ್ತ ನಡೆದರು. ಕೊಂಬೆಯ ನೆನಪು ಯಾರಿಗೂ ಆಗಲಿಲ್ಲ.

ಅವಳು ಉಳಿದಳು. ಕರವಸ್ತ್ರ ಒದ್ದೆ ಮಾಡಿ ಕಾಲುಗಳನ್ನು ನೆನೆಸಿ ನೋಡಿದಳು, ಅಂಟು ಜಗ್ಗಲಿಲ್ಲ. ಕೊನೆಗೆ ಉಗುರಿನಿಂದ ಕೊಂಬೆಯ ತೊಗಟೆಯನ್ನೇ ಕೆರೆದು ಕೆರೆದು ಬಿಡಿಸಿದಳು. ಎರಡು ಮರಿಗಳು ತೊಗಟೆಯ ಚೂರಿನ ಸಮೇತ ಬಂದವು. ಮೂರನೆಯದರ ಪಾದದ ಚರ್ಮ ಕೊಂಬೆಯಲ್ಲೇ ಉಳಿಯಿತು. ಗೂಡಿಗೆ ಹಾಕಿ, ಕತ್ತರಿಸಿ ಬಿದ್ದಿದ್ದ ಸೊಪ್ಪನ್ನು ದುಪ್ಪಟ್ಟಾದಿಂದ ಕಟ್ಟಿ ನೆರಳು ಮಾಡಿದಳು. ಅಷ್ಟು ಹೊತ್ತಿಗೆ ವ್ಯಾನು ಮೂರು ಸಲ ಹಾರನ್ ಹೊಡೆದಿತ್ತು. ಹತ್ತಿ ಕೂತರೆ ಭಾವ ಬಾಳೆಹಣ್ಣು ಸುಲಿದು ಚಾಚಿದ. ಅವನ ಬೆರಳ ತುದಿಯಲ್ಲಿ ಒಣಗಿದ ಅಂಟು ಸಿಪ್ಪೆಯೇಳುತ್ತಿತ್ತು. ಅವಳು ಕಿಟಕಿಯ ಹೊರಗೆ ಕತ್ತು ಹಾಕಿ ವಾಂತಿ ಮಾಡಿಕೊಂಡಳು. ಸ್ಯಾಂಪಲ್ ಮೇಡಂಗೇ ವಾಂತಿಯೇ ಎಂದು ವ್ಯಾನಿನ ತುಂಬ ನಗು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗುವ ಮುಂಚೆ ಸ್ಕೂಟರಿನಲ್ಲಿ ಹೋಗಿ ನೋಡಿದಳು. ಎರಡು ಸತ್ತು ಇರುವೆ ಮುತ್ತಿದ್ದವು. ಮೂರನೆಯದು ಇರಲಿಲ್ಲ.

ಎರಡು ವಾರದ ನಂತರ ಗ್ರಂಥಾಲಯದ ಮಹಡಿಯಲ್ಲಿ ಸಂಘದ ಪ್ರದರ್ಶನ ಮತ್ತು ಸ್ಪರ್ಧೆ. ಸದಸ್ಯರೆಲ್ಲರಿಗೂ ಒಂದೊಂದು ಚಿತ್ರ ತೂಗುಹಾಕುವ ಹಕ್ಕು. ಭಾವನದು ಆಳೆತ್ತರದ ಚಿತ್ರ, ಕೆಳಗೆ 'ತಾಯಿಯ ಮಮತೆ' ಎಂಬ ಹೆಸರು. ಅವಳು ಹೆಬ್ಬೆರಳಿನ ಚಿತ್ರವನ್ನು ಕೊಟ್ಟಳು. ಕೆಳಗೆ 'ತಾಯಿಯ ಮಮತೆ ತೆಗೆದದ್ದು ಹೀಗೆ' ಎಂದು ಬರೆದಿದ್ದಳು. ಡ್ರಾಯಿಂಗ್ ಮೇಷ್ಟ್ರು ಗಡಿಬಿಡಿಯಲ್ಲಿ ಓದದೆ ಭಾವನ ಚಿತ್ರದ ಪಕ್ಕದಲ್ಲೇ ತೂಗುಹಾಕಿದರು. ಅವಳು ಕಂಬಕ್ಕೆ ಒರಗಿ ನಿಂತಳು. ಇವತ್ತು ಊರೇ ಅವನ ಮುಖಕ್ಕೆ ಉಗಿಯುತ್ತದೆ ಎಂದುಕೊಂಡಿದ್ದಳು.

ಒಬ್ಬರು ಟೀಚರು ಬಂದು ಆ ಚಿತ್ರ ನೋಡಿದರು, ಈ ಚಿತ್ರ ನೋಡಿದರು, ಗಂಡನನ್ನು ಕೂಗಿದರು. "ಬನ್ನಿ ಇಲ್ಲಿ. ಒಂದು ಫೋಟೋಗೆ ಎಷ್ಟೊಂದು ಕಷ್ಟ ಪಡ್ತಾರೆ ನೋಡಿ."

ಜನ ಸೇರಿದರು. ಭಾವನ ಮುಖ ಮೊದಲು ಬಿಳಿಚಿತು. ಯಾರಿಗೂ ಸಿಟ್ಟಿಲ್ಲ ಎಂದು ತಿಳಿದ ಮೇಲೆ ಮೆಲ್ಲಗೆ ಬಣ್ಣ ಮರಳಿತು. ಯಾರೋ ಅದು ಯಾವ ಗಮ್ಮು ಎಂದು ಕೇಳಿದರು. ನೀರು ಬಿದ್ದರೂ ಬಿಡೋದಿಲ್ಲ, ನಮ್ಮ ಅಂಗಡಿಯಲ್ಲೇ ಸಿಗತ್ತೆ ಎಂದ. ತೀರ್ಪುಗಾರರು ಭಾವನಿಗೆ ಮೊದಲ ಬಹುಮಾನ ಕೊಟ್ಟರು. ಅವಳಿಗೆ ಮೂರನೆಯದು! ಕಲಾವಿದನ ತೆರೆಮರೆಯ ಶ್ರಮ ತೋರಿಸಿದ್ದಕ್ಕಂತೆ.

ಹೆಸರು ಕೂಗಿದಾಗ ಅವಳು ವೇದಿಕೆಗೆ ಹೋದಳು. ಬಹುಮಾನದ ಕಪ್ಪನ್ನು ಮುಟ್ಟದೆ ಮೈಕಿನ ಮುಂದೆ ನಿಂತಳು.

"ಎರಡು ಮರಿ ಸತ್ತವು. ಇರುವೆ ಮುತ್ತಿದ್ದವು. ಇನ್ನೊಂದು ಕಾಣಲಿಲ್ಲ."

ಮುಂದೆ ಇನ್ನೇನಾದರೂ ಹೇಳುತ್ತಾಳೆಂದು ಜನ ಕಾದರು. ಅವಳು ಕೆಳಗಿಳಿದದ್ದು ನೋಡಿ ಮಾತು ಮುಗಿಯಿತೆಂದು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

ಅವಳು ಗೋಡೆಯಿಂದ ತನ್ನ ಚಿತ್ರ ಕಿತ್ತು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಹಿಂದೆಯೇ ಸಭೆಯಿಂದೆದ್ದು ಅಕ್ಕ ಬಂದಳು. ಅರ್ಧ ಮೆಟ್ಟಿಲಿಳಿಯುವಷ್ಟರಲ್ಲಿ ತಂಗಿಯ ತೋಳು ಹಿಡಿದು ಕೂರಿಸಿ, ತಾನೂ ಕೂತಳು. ಮರಿಗಳು ಸತ್ತದ್ದು ತನಗೆ ಗೊತ್ತೇ ಇರಲಿಲ್ಲವೆಂದಳು. ಮನೆಯ ನಡುಕೋಣೆಯಲ್ಲೂ 'ತಾಯಿಯ ಮಮತೆ' ಹಾಕಿದ್ದಾರೆ, ದಿನಾ ಅದರ ಕೆಳಗೇ ಊಟ ಬಡಿಸುತ್ತೇನೆ ಎಂದಳು.

"ಭಾವ ಒಬ್ಬರೇ ಅಲ್ಲ ಅಕ್ಕ. ನಾನೂ ತೆಗೆದಿದ್ದೀನಿ. ಹನ್ನೊಂದು ಫೋಟೋ."

ಅಳಿಸಲು ಇಷ್ಟು ದಿನ ಕೈ ಬಂದಿರಲಿಲ್ಲ. ಚೀಲದಿಂದ ಕ್ಯಾಮೆರಾ ತೆಗೆದು, ಅದರ ಪರದೆಯಲ್ಲಿ ಚಿತ್ರಗಳನ್ನು ತೆರೆದು ಅಕ್ಕನಿಗೆ ಕೊಟ್ಟಳು. ಅಕ್ಕ ಒಂದೊಂದನ್ನೇ ಸರಿಸುತ್ತಾ, ಕಣ್ಣು ಕೀಳದೆ ನೋಡಿದಳು. ಏಳನೆಯದೋ ಎಂಟನೆಯದೋ ಬಂದಾಗ, "ಎಷ್ಟು ಚೆನ್ನಾಗಿದೆ ಕಣೇ" ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೌದು. ಇಷ್ಟು ಚೆನ್ನಾಗಿರೋದು ನಾನು ಜನ್ಮದಲ್ಲಿ ತೆಗೆದಿಲ್ಲ. ಅದಕ್ಕೇ ನನ್ನ ಮೇಲೇ ನನಗೆ ವಾಕರಿಕೆ ಬರ್ತಿದೆ."

ಅಕ್ಕ ಅಳಿಸುವ ಗುಂಡಿ ಯಾವುದು ಎಂದು ಕೇಳಿದಳು. ಅವಳು ತೋರಿಸಿದಳು. ಹನ್ನೊಂದೂ ಹೋಗುವವರೆಗೆ ಇಬ್ಬರೂ ಅಲ್ಲಿಯೇ ಕೂತಿದ್ದರು. ಮೇಲೆ ಭಾವ ಅಕ್ಕನನ್ನು ಗುಂಪುಫೋಟೋಗೆ ಕೂಗುತ್ತಿದ್ದ. ಅಕ್ಕ ಎದ್ದು, ಸೀರೆ ಸರಿ ಮಾಡಿಕೊಂಡು, ಮನೆಗೆ ಹೋಗಿ ಗೋಡೆಯಿಂದ ಆ ಚಿತ್ರ ಇಳಿಸಬೇಕು, ಒಬ್ಬಳಿಗೆ ಭಾರ, ನೀನೂ ಬಾ ಎಂದು ಕೆಳಗಿಳಿದಳು.