ಬೇಲಿಯ ಬುಡದ ಕೋಳಿಗಳು

ತಯಿಸಿಯಾ ಕೋಳಿಗೂಡಿನ ಬಾಗಿಲು ತೆಗೆದಾಗ ನಾಯಿ ಇನ್ನೂ ಒಳಗೇ ಇತ್ತು. ಪಕ್ಕದ ಮನೆಯ ಆರ್ಖಿಪನ ಬೇಟೆನಾಯಿ, ಬುರಾನ್. ಗೋಡೆಯ ಬುಡದ ಹಲಗೆ ಕಿತ್ತು ನುಗ್ಗಿತ್ತು. ಕೋಳಿಗಳೆಲ್ಲ ನೆಲದ ಹುಲ್ಲಿನ ಮೇಲೆ ಬಿದ್ದಿದ್ದವು. ಕೆಲವಕ್ಕೆ ತಲೆಯೇ ಇರಲಿಲ್ಲ, ಕೆಲವು ಇನ್ನೂ ಕಾಲು ಜಾಡಿಸುತ್ತಿದ್ದವು. ಚಳಿಗೆ ಜುಟ್ಟು ಕಪ್ಪಾಗಿ ಉದುರದಿರಲೆಂದು ಅವಳು ಹಿಂದಿನ ಸಂಜೆ ತಾನೇ ಒಂದೊಂದನ್ನೂ ಮಡಿಲಲ್ಲಿ ಕೂರಿಸಿಕೊಂಡು ಹೆಬ್ಬಾತಿನ ಕೊಬ್ಬು ಸವರಿದ್ದಳು.

ನಾಯಿ ಅವಳನ್ನು ನೋಡಿ ಬಾಲ ಆಡಿಸಿತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಗೋಡೆಗೆ ಒರಗಿಸಿದ್ದ, ಗೊಬ್ಬರ ಎತ್ತುವ ಕಬ್ಬಿಣದ ಮೊನೆಗಳ ಕವೆಗೋಲು ತೆಗೆದು ಅದರ ಪಕ್ಕೆಗೆ ಚುಚ್ಚಿದಳು. ಒಂದೇ ಏಟಿಗೆ ಅದು ಸಾಯಲಿಲ್ಲ. ಮೊನೆಗಳನ್ನು ಕಿತ್ತು ಮತ್ತೆ ಚುಚ್ಚಿ, ಗೋಡೆಗೆ ಒತ್ತಿ ಹಿಡಿದು, ಅದರ ಕೂಗು ನಿಲ್ಲುವವರೆಗೂ ತನ್ನ ಮೈಭಾರವನ್ನೆಲ್ಲ ಹಾಕಿ ನಿಂತಳು. ಆಮೇಲೆ ಹಿಂಗಾಲು ಹಿಡಿದು ಎಳೆದುಕೊಂಡು ಹೋಗಿ ಬೇಲಿಯ ಆಚೆ ಉರುಳಿಸಿದಳು.

"ಆರ್ಖಿಪಾ! ಬಾರೋ ಹೊರಗೆ! ನಿನ್ನ ಮಗನ್ನ ಎತ್ಕೊಂಡು ಹೋಗೋ!"

ಆರ್ಖಿಪ ಅದನ್ನು ಮಗ ಎಂದೇ ಕರೆಯುತ್ತಿದ್ದ. ಬುರಾನಿನ ತಾಯಿಯನ್ನು ಕರಡಿ ಹರಿದು ಹಾಕಿದಾಗ ಇದು ಕಣ್ಣು ಬಿಡದ ಮರಿ. ಹಾಲಲ್ಲಿ ಬಟ್ಟೆ ಅದ್ದಿ ಚೀಪಿಸಿ, ಕೋಟಿನೊಳಗೆ ಎದೆಗೆ ಕಟ್ಟಿಕೊಂಡು ಸಾಕಿದ್ದ. ಹೆಂಡತಿ ಬಿಟ್ಟು ಹೋದ ಮೇಲೆ ಆ ಮನೆಯಲ್ಲಿ ಉಸಿರಾಡುವ ಜೀವ ಅವೆರಡೇ.

ನಾನು ಎದುರುಮನೆಯವನು. ಟ್ರ್ಯಾಕ್ಟರಿನ ಅಡಿ ಮಲಗಿ ರಿಪೇರಿ ಮಾಡುತ್ತಿದ್ದವನು ಕಿರುಚಾಟ ಕೇಳಿ ಓಡಿದೆ. ಆರ್ಖಿಪ ನಾಯಿಯ ಪಕ್ಕ ಮಂಡಿಯೂರಿ ಕೂತಿದ್ದ. ಗಾಯದ ತೂತುಗಳ ಮೇಲೆ ಬೆರಳಾಡಿಸಿದ. ಎದ್ದು ಕೊಟ್ಟಿಗೆಗೆ ಹೋದವನು ಕೊಡಲಿ ಹಿಡಿದು ಬಂದು ಬೇಲಿ ಹಾರಿದ.

ಅವಳನ್ನೇ ಕಡಿಯುತ್ತಾನೆ ಎಂದುಕೊಂಡೆ. ಆದರೆ ಅವನು ಅವಳ ಪಕ್ಕದಿಂದಲೇ ನಡೆದು ಸೇಬಿನ ತೋಟಕ್ಕೆ ಹೋದ.

ಆ ಮರಗಳನ್ನು ನೆಟ್ಟವನು ತಯಿಸಿಯಾಳ ಸತ್ತ ಗಂಡ ಯೆಗೋರ್. ನಮ್ಮಲ್ಲಿ ನೆಟ್ಟಗೆ ನಿಂತ ಸೇಬಿನ ಮರ ಚಳಿಗೆ ಸೀಳಿ ಸಾಯುತ್ತದೆ. ಅದಕ್ಕೇ ಸಸಿಯಿದ್ದಾಗಲೇ ಬಗ್ಗಿಸಿ, ಗೂಟ ಹೊಡೆದು, ನೆಲಕ್ಕೆ ಒರಗಿಸಿ ಬೆಳೆಸುವುದು. ಹಿಮ ಬೀಳುವ ಮೊದಲು ತಯಿಸಿಯಾ ಅವುಗಳಿಗೆಲ್ಲ ಸೂಜಿಯೆಲೆಯ ಫರ್ ಮರದ ಸೊಪ್ಪು ಹೊದಿಸಿ ಮಲಗಿಸಿದ್ದಳು. ಆರ್ಖಿಪ ಕಾಲಿನಿಂದ ಸೊಪ್ಪು ಒದ್ದು, ಬುಡ ಹುಡುಕಿ, ಕಡಿದ. ಮಲಗಿದ ಮರವನ್ನು ಕಡಿಯುವುದು ನೋಡಲು ಮಲಗಿದ ಮನುಷ್ಯನನ್ನು ಕಡಿದ ಹಾಗೇ ಇರುತ್ತದೆ.

ತಯಿಸಿಯಾ ಅವನ ಬೆನ್ನ ಮೇಲೆ ಬಿದ್ದಳು. ಅವನ ಮೊಣಕೈ ಅವಳ ಬಾಯಿಗೆ ಬಡಿದು ಮುಂದಿನ ಹಲ್ಲು ಮುರಿಯಿತು. ರಕ್ತ ಉಗುಳುತ್ತಲೇ ಮತ್ತೆ ಹೋಗಿ ಅವನ ಕೂದಲು ಹಿಡಿದಳು. ಅಷ್ಟರಲ್ಲಿ ಅವಳ ಅತ್ತೆ, ಯೆಗೋರನ ತಾಯಿ ಫ್ಯೋಕ್ಲಾ, ಒಲೆ ಕೆದಕುವ ಕಬ್ಬಿಣ ಹಿಡಿದು ಬಂದು ಆರ್ಖಿಪನ ಕಿವಿಯ ಮೇಲೆ ಬಾರಿಸಿದಳು. ಮುದುಕಿ ನನ್ನ ಎದೆಯೆತ್ತರವೂ ಇರಲಿಲ್ಲ. ಕಿವಿ ಹರಿದು ಜೋತುಬಿತ್ತು.

"ಸಾಕು ಕಣ್ರೋ, ಸಾಕು!" ಎಂದು ನಾನು ಕೊಡಲಿ ಕಸಿದುಕೊಂಡೆ.

"ಇನ್ನೇನ್ ಉಳಿದಿದೆ ಸಾಕು ಅನ್ನೋಕೆ?" ಎಂದ ಆರ್ಖಿಪ. ನಿಜಕ್ಕೂ ಉಳಿದಿರಲಿಲ್ಲ. ಕೊನೆಯ ಮರವನ್ನೂ ಕಡಿದಾಗಿತ್ತು.

ಊರಿನ ಪೊಲೀಸಿನವನು ಬಂದು, ಚಹಾ ಕುಡಿದು, ಇಬ್ಬರಿಗೂ ಬುದ್ಧಿ ಹೇಳಿ ಹೋದ. ಅವನು ತಿರುಗಿದ್ದೇ ತಡ ತಯಿಸಿಯಾ ಸತ್ತ ಕೋಳಿಗಳನ್ನೆಲ್ಲ ಆರ್ಖಿಪನ ಅಂಗಳಕ್ಕೆ ಎಸೆದಳು. "ನಿನ್ನ ಮಗನ ಶ್ರಾದ್ಧಕ್ಕೆ ಇಟ್ಕೋ!"

ಅವನು ಅವನ್ನು ಹಾಗೇ ವಾಪಸ್ ಎಸೆದ. ಇವಳು ಮತ್ತೆ ಎಸೆದಳು. ಕೆಲವು ಬೇಲಿಯ ಈಚೆ, ಕೆಲವು ಆಚೆ, ಇಬ್ಬರೂ ಮುಟ್ಟದೆ ಅಲ್ಲೇ ಬಿದ್ದವು.

"ಪುಕ್ಕ ತರಿದು ಸಾರು ಮಾಡೇ, ಹೊಟ್ಟೆಗಾದ್ರೂ ಆಗ್ಲಿ" ಎಂದಳು ಫ್ಯೋಕ್ಲಾ.

"ಮುಟ್ಟಿದ್ರೆ ನೋಡಿ ಅತ್ತೆ! ಅವನೇ ಎತ್ಬೇಕು."

"ಅವನು ಎತ್ತಲ್ಲ, ನೀನು ಬಿಡಲ್ಲ. ಕೋಳಿಗಿಂತ ಕಡೆ ನೀವು. ಕೋಳಿ ಆದ್ರೂ ಮೊಟ್ಟೆ ಇಡುತ್ತೆ."

ಹಿಮ ಬಿತ್ತು, ಕೋಳಿಗಳು ಕಲ್ಲಾದವು. ಆ ವರ್ಷ ಕಾಡಿನಲ್ಲಿ ದೇವದಾರು ಕಾಯಿ ಕಚ್ಚಿರಲಿಲ್ಲ. ಅದರ ಬೀಜ ಸಿಗದೆ ಕೊಬ್ಬು ಬೆಳೆಯದ ಕರಡಿಗಳು ಚಳಿಗಾಲದ ನಿದ್ದೆಗೆ ಗುಹೆ ಸೇರದೆ ಅಲೆಯುತ್ತಿವೆ ಎಂದು ಮರ ಕಡಿಯುವವರು ಹೇಳಿದ್ದರು. ಬೇರೆ ವರ್ಷವಾದರೆ ಬುರಾನ್ ಒಂದು ಮೈಲಿ ದೂರದಿಂದಲೇ ವಾಸನೆ ಹಿಡಿದು ಊರನ್ನೇ ಎಬ್ಬಿಸುತ್ತಿತ್ತು.

ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿಯೇ ಇತ್ತು, ಫ್ಯೋಕ್ಲಾ ಬುಟ್ಟಿ ಹಿಡಿದು ಹೊರಬಂದಳು.

"ಎಲ್ಲಿಗೆ ಅಜ್ಜಿ?" ಎಂದು ನಾನು ಬೀದಿಯಿಂದಲೇ ಕೇಳಿದೆ.

"ಆ ಮೊಂಡರಿಬ್ಬರಿಗೂ ನಾಚಿಕೆ ಇಲ್ಲ ಕಣೋ ಮಿತ್ಯಾ. ನಾನೇ ಆರಿಸ್ಕೊಂಡು ಬರ್ತೀನಿ. ಮಧ್ಯಾಹ್ನ ಸಾರಿಗೆ ಬಾ."

ಅವಳು ಬೇಲಿಯ ಹತ್ತಿರ ಬಗ್ಗಿದ್ದನ್ನು ನೋಡಿದೆ. ಹಿಮದ ದಿಬ್ಬದ ಹಿಂದೆ ಏನೋ ಕಂದು ಬಣ್ಣದ್ದು ಎದ್ದಿತು. ಬೇಲಿ ಮುರಿದ ಸದ್ದು ಮೊದಲು ಕೇಳಿತೋ, ಅವಳ ಕೂಗು ಮೊದಲೋ ಹೇಳಲಾರೆ. ಕರಡಿ ಒಂದೇ ಕೈ ಬೀಸಿತು. ಮುದುಕಿಯ ಕುತ್ತಿಗೆ ಭುಜದ ಮೇಲೆ ಒರಗಿತು. ಮತ್ತೆ ಅವಳು ಕೂಗಲಿಲ್ಲ. ಕರಡಿ ಅವಳ ಕೋಟನ್ನು ಕಚ್ಚಿ ತೋಟದ ಕಡೆ ಎಳೆಯತೊಡಗಿತು.

ನಾನು ಖಾಲಿ ಬಕೆಟ್ ಬಡಿಯುತ್ತಾ ಅರಚಿದೆ. ಆರ್ಖಿಪ ಒಳಂಗಿಯಲ್ಲೇ ಜೋಡುನಳಿಗೆಯ ಬಂದೂಕು ಹಿಡಿದು ಓಡಿ ಬಂದ. ಮುದುಕಿ ಅದರ ಬಾಯಲ್ಲಿದ್ದಾಳೆ, ದೂರದಿಂದ ಹೊಡೆಯುವಂತಿಲ್ಲ. ಕರಡಿಯನ್ನು ತಿರುಗಿಸಿ ನಿಲ್ಲಿಸಲು ನಾಯಿಯೂ ಇಲ್ಲ. ತಾನೇ ನಾಯಿಯ ಹಾಗೆ ಹತ್ತಿರ ನುಗ್ಗಿ, ಬೈದು, ಹಿಮ ಒದ್ದು, ಅದು ಮುದುಕಿಯನ್ನು ಬಿಟ್ಟು ತಲೆಯೆತ್ತುವ ಹಾಗೆ ಮಾಡಿದ. ಗುಂಡು ಭುಜಕ್ಕೆ ತಾಗಿತು. ಇನ್ನೊಂದು ಹಾರಿಸುವ ಮೊದಲೇ ಕರಡಿ ಅವನ ಮೇಲಿತ್ತು. ಬಂದೂಕು ದೂರ ಹಾರಿ ಬಿತ್ತು.

ಮನೆಯಿಂದ ಬಂದ ತಯಿಸಿಯಾಳ ಕೈಯಲ್ಲಿ ಕವೆಗೋಲಿತ್ತು. ಓಡಿ ಬಂದ ರಭಸಕ್ಕೆ ಮೊನೆಗಳು ಕರಡಿಯ ಪಕ್ಕೆಯಲ್ಲಿ ಇಳಿದವು, ಹಿಡಿ ಮುರಿಯಿತು. ಅದು ತಿರುಗಿಯೂ ನೋಡಲಿಲ್ಲ. ಅದರ ಹಲ್ಲು ಆರ್ಖಿಪನ ತಲೆಯ ಮೇಲೆ ಕರಕರ ಎನ್ನುವುದು ನನಗೆ ಕೇಳುತ್ತಿತ್ತು.

ಅವಳು ಬಂದೂಕು ಎತ್ತಿಕೊಂಡು ಮುಂದಿನ ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳಿಟ್ಟಳು. ಎಳೆದಳು. ಸದ್ದಿಲ್ಲ.

ಕರಡಿಯ ಅಡಿಯಿಂದ ದನಿ ಬಂತು. "ಇನ್ನೊಂದು! ಹಿಂದಿನ ಕುದುರೆ ಎಳಿಯೇ, ದಡ್ಡಿ!"

ನಳಿಗೆಯನ್ನು ಕರಡಿಯ ಕಿವಿಗೆ ಒತ್ತಿ ಎಳೆದಳು.

ಸತ್ತ ಕರಡಿಯನ್ನು ಅವನ ಮೇಲಿನಿಂದ ಉರುಳಿಸಲು ನನ್ನೊಬ್ಬನ ಕೈಯಲ್ಲಿ ಆಗಲಿಲ್ಲ. ನಾನೂ ತಯಿಸಿಯಾಳೂ ಕೂಡಿ ಎಳೆದೆವು. ಆರ್ಖಿಪನ ತಲೆಯ ಚರ್ಮ ಹುಬ್ಬಿನ ಮೇಲೆ ಮಡಚಿಕೊಂಡಿತ್ತು. ಅವಳು ಅದನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿ, ತನ್ನ ತಲೆವಸ್ತ್ರ ಬಿಚ್ಚಿ ಬಿಗಿದಳು.

"ಮುದುಕಿ?" ಎಂದ ಅವನು.

ಅವಳು ಬೇಲಿಯ ಕಡೆ ನೋಡಿದಳು. ಬುಟ್ಟಿ ಮಗುಚಿ ಬಿದ್ದಿತ್ತು. ಅದರಲ್ಲಿ ಎರಡು ಕೋಳಿ ಆಗಲೇ ಸೇರಿದ್ದವು.

ಹೆಪ್ಪುಗಟ್ಟಿದ ನೆಲ ಅಗೆಯಲು ಸ್ಮಶಾನದಲ್ಲಿ ಹಗಲಿಡೀ ಬೆಂಕಿ ಹಾಕಿ ಮಣ್ಣು ಕರಗಿಸಬೇಕಾಯಿತು. ಕಡಿದ ಸೇಬಿನ ಕಾಂಡಗಳನ್ನೇ ತಯಿಸಿಯಾ ಸೌದೆಗೆ ಕೊಟ್ಟಳು. ಆಸ್ಪತ್ರೆಯಿಂದ ಓಡಿ ಬಂದ ಆರ್ಖಿಪ, ತಲೆಗೆಲ್ಲ ಬ್ಯಾಂಡೇಜು ಸುತ್ತಿಕೊಂಡೇ ನನ್ನ ಜೊತೆ ಗುಂಡಿಗಿಳಿದ. ಹಾರೆ ಹಾಕುವಾಗೆಲ್ಲ ಹೊಲಿಗೆಯಿಂದ ರಕ್ತ ಒಸರುತ್ತಿತ್ತು.

ಗುಂಡಿ ತೋಡಿದವನೆಂದು ಶ್ರಾದ್ಧದ ಪಾಯಸಕ್ಕೆ ಅವನನ್ನು ಕರೆಯಲೇಬೇಕಾಯಿತು. ಬಾಗಿಲಲ್ಲೇ ನಿಂತು ಅವನು ಹೇಳಿದ, "ಆ ಕೋಳಿ ನಾನು ಎತ್ತಬೇಕಿತ್ತು ತಯಿಸಿಯಾ."

"ಹೂಂ, ಎತ್ತಬೇಕಿತ್ತು" ಎಂದಳು ಅವಳು. ಪಾಯಸದ ತಟ್ಟೆ ಇಡುತ್ತಾ, "ನಾಯಿ ಇದ್ದಿದ್ರೆ ಬೊಗಳ್ತಿತ್ತು" ಎಂದಳು. "ಕೂತ್ಕೋ, ತಿಂದು ಹೋಗು. ಕ್ಷಮೆ ಗಿಮೆ ನನ್ನ ಹತ್ರ ಇಲ್ಲ."

ಅವನು ತಿಂದು ಹೋದ.

ಯೆಗೋರ್ ಕಸಿ ಕಟ್ಟಿದ್ದು ಕಾಡುಸೇಬಿನ ಬೇರಿಗೆ; ಮೇ ತಿಂಗಳಲ್ಲಿ ಮೊಂಡು ಬುಡಗಳಿಂದ ಅದರದೇ ಚಿಗುರು ಎದ್ದಿತು. ಹಾಗೇ ಬೆಳೆಯಬಿಟ್ಟರೆ ಬಟಾಣಿ ಗಾತ್ರದ ಹುಳಿಕಾಯಿ, ಅಷ್ಟೇ. ಆರ್ಖಿಪ ನದಿಯಾಚೆಯ ಊರಿಂದ ಒಳ್ಳೆ ಜಾತಿಯ ಕಸಿಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಬೇಲಿಯ ಮೇಲೆ ಚಾಚಿದ. ಅವಳು ತೆಗೆದುಕೊಂಡಳು. ಒಳಗೆ ಬಾ ಎನ್ನಲಿಲ್ಲ. ಮಂಡಿಯೂರಿ ಕೂತು, ಬುಡ ಸೀಳಿ, ಕಡ್ಡಿ ಸಿಕ್ಕಿಸಿ ದಾರ ಸುತ್ತತೊಡಗಿದಳು. ಅವನು ಆಚೆಯೇ ನಿಂತಿದ್ದ.

"ದಾರ ಸಡಿಲ ಆಯ್ತು" ಎಂದ.

"ಬಾಯ್ ಮುಚ್ಚು" ಎಂದಳು. ಆಮೇಲೆ ದಾರ ಬಿಚ್ಚಿ, ಹಲ್ಲಿಲ್ಲದ ಕಡೆ ಬಿಟ್ಟು ಪಕ್ಕದ ಹಲ್ಲಲ್ಲಿ ತುದಿ ಕಚ್ಚಿಕೊಂಡು, ಇನ್ನೊಮ್ಮೆ ಬಿಗಿಯಾಗಿ ಸುತ್ತಿದಳು.